ಟೈಮ್‌ಔಟಿನ ಸರದಿ

ತಂಡ ಸೋತು ಸುಣ್ಣವಾಗಿತ್ತು. ಆ ವರ್ಷದ ಲೀಗಿನಲ್ಲಿ ಪೇಟೆ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ಅಂಚೆಯವರ ಕೈಲಿ ಸೋತರು, ಬ್ಯಾಂಕಿನವರ ಕೈಲಿ ಸೋತರು, ಕಣ್ಣಾಸ್ಪತ್ರೆಯ ನೌಕರರ ಕೈಲೂ ಸೋತರು. ಕಣ್ಣಾಸ್ಪತ್ರೆಯವರಲ್ಲಿ ಇಬ್ಬರು ಪಾಳಿ ಮುಗಿಸಿ, ಆಕಳಿಸುತ್ತ ಬಂದು, ಆಕಳಿಸುತ್ತಲೇ ಗೆದ್ದುಹೋದರು. ಇನ್ನೂ ಸುಮ್ಮನಿದ್ದರೆ ಮಾನ ಮೂರು ಕಾಸಿಗೆ ಹರಾಜಾಗುತ್ತದೆ ಎಂದು ಕ್ಲಬ್ಬಿನ ಕಮಿಟಿ ಸಭೆ ಸೇರಿತು. ತಪ್ಪು ಯಾರದೆಂದು ಹುಡುಕುವುದು ಸಭೆಯ ಉದ್ದೇಶ. ಹುಡುಕಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಕೋಣೆಯಲ್ಲಿ ಕೂತವರದಂತೂ ಆಗಿರಲು ಸಾಧ್ಯವಿಲ್ಲ, ಹೊರಗಿದ್ದವರು ಕೋಚ್ ಒಬ್ಬರೇ. ಆದ್ದರಿಂದ ಅವರದೇ ಎಂದಾಯಿತು.

ಕಮಿಟಿಯೆಂದರೆ ನಾಲ್ಕು ಜನ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಎದುರಿಗಿರುವವರ ಬಾಯಿಗೆ ಹತ್ತಿ ತುರುಕಿ ತಾವೊಬ್ಬರೇ ಮಾತಾಡಿ ಮಾತಾಡಿ, ಲೋಕದಲ್ಲಿ ತಮ್ಮ ಮಾತಿಗೆ ಎದುರುಮಾತೇ ಇಲ್ಲವೆಂದು ನಂಬಿಬಿಟ್ಟಿದ್ದರು. ಉಪಾಧ್ಯಕ್ಷರು ನಿವೃತ್ತ ಲೆಕ್ಕದ ಮೇಷ್ಟ್ರು. ಚೆಂಡು ಬುಟ್ಟಿಗೆ ಬೀಳದಿದ್ದರೆ ಅವರಿಗೆ ಬೇಸರವಿಲ್ಲ, ಯಾವ ಕೋನದಲ್ಲಿ ಬೀಳಲಿಲ್ಲ ಎಂಬುದು ತಿಳಿದರೆ ಸಾಕು. ಖಜಾಂಚಿ ಬಣ್ಣದ ಅಂಗಡಿಯವರು. ಪ್ರಪಂಚದಲ್ಲಿ ಏನೇ ಕೆಟ್ಟರೂ ಮೇಲೆರಡು ಕೋಟು ಹೊಡೆದರೆ ಸರಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ನಾಲ್ಕನೆಯವನು ಕಾರ್ಯದರ್ಶಿ ಪುಟ್ಟು. ಈ ಕಥೆ ಅವನದು.

ಪುಟ್ಟು ಎಂಬುದು ಅವನ ಅಕ್ಕ ಕರೆಯುವ ಹೆಸರು. ಕರೆಯಲು ಶುರುಮಾಡಿದಾಗ ಹೆಸರು ಸರಿಯಾಗಿಯೇ ಇತ್ತು. ಈಗ ಅವನು ಬಾಗಿಲಲ್ಲಿ ನಿಂತರೆ ಒಳಗಿದ್ದವರು ಲೈಟು ಹಾಕಬೇಕು. ಅವನದು ಹಾಸಿಗೆ ಅಂಗಡಿ. ಗಿರಾಕಿಗೆ ಅನುಮಾನ ಬಂದರೆ ತಾನೇ ಮಲಗಿ, ಮಗ್ಗುಲು ಬದಲಿಸಿ, ಎದ್ದು ತೋರಿಸುತ್ತಿದ್ದ. ಇವನನ್ನೇ ತಾಳಿಕೊಂಡ ಹಾಸಿಗೆ ನಮ್ಮನ್ನು ತಾಳದೆ ಇರುತ್ತದೆಯೇ ಎಂದು ಜನ ಮರುಮಾತಾಡದೆ ಕೊಳ್ಳುತ್ತಿದ್ದರು. ಕ್ಲಬ್ಬಿನಲ್ಲಿ ಗೇಟಿನ ಬೀಗ ತೆಗೆಯುವುದು, ಚೆಂಡಿಗೆ ಗಾಳಿ ತುಂಬಿಸುವುದು, ಬೆವರು ನಾರುವ ಜೆರ್ಸಿಗಳನ್ನು ಮನೆಗೆ ಹೊತ್ತು ಒಗೆಯುವುದು, ಸಭೆ ಕರೆಯುವುದು, ಸಭೆಗೆ ಚಹಾ ತರಿಸುವುದು, ಇವೆಲ್ಲ ಕಾರ್ಯದರ್ಶಿಯ ಕೆಲಸ. ಆ ಚಹಾ ಆರಿಹೋಗಿದೆ ಎನ್ನುವುದು ಅಧ್ಯಕ್ಷರ ಕೆಲಸ. ಆದರೂ ಪುಟ್ಟುವಿಗೆ ಆ ಹುದ್ದೆಯೆಂದರೆ ಪ್ರಾಣ. ಗೇಟಿನ ಪಕ್ಕದ ಬೋರ್ಡಿನಲ್ಲಿ ಪದಾಧಿಕಾರಿಗಳ ಹೆಸರು ಬರೆದಿತ್ತು. ಹಾದುಹೋಗುವಾಗಲೆಲ್ಲ ಅವನು ನಾಲ್ಕನೆಯ ಸಾಲನ್ನು ಒಮ್ಮೆ ಕಣ್ತುಂಬ ನೋಡಿ, ಯಾರಾದರೂ ಗಮನಿಸಿದರೇ ಎಂದು ಸುತ್ತ ನೋಡಿ, ಮುಂದೆ ಹೋಗುತ್ತಿದ್ದ.

ತೊಂದರೆ ಏನೆಂದರೆ, ಕೋಚ್ ಅವನ ಅಕ್ಕನ ಗಂಡ. ಎರಡು ವರ್ಷದ ಹಿಂದೆ ಬೇಡ ಬೇಡ ಎನ್ನುತ್ತಿದ್ದ ಭಾವನನ್ನು ಕೈಹಿಡಿದು ಎಳೆದುತಂದು ತಂಡದ ಬೆಂಚಿನ ಮೇಲೆ ಕೂರಿಸಿದವನೂ ಇವನೇ. ಭಾವ ವಯಸ್ಸಿನಲ್ಲಿ ಒಳ್ಳೆಯ ಆಟಗಾರರಾಗಿದ್ದವರು, ಈಗ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು, ಸಂಜೆಗೆ ಕೈಕಾಲು ನೆಟ್ಟಗಿರುವಂತೆ ಮನೆಗೆ ಬರುವ ಉದ್ಯೋಗ. ಅಂಥ ಉದ್ಯೋಗದಲ್ಲಿ ಮನುಷ್ಯ ಒಂದೋ ಕಿರುಚುವವನಾಗುತ್ತಾನೆ, ಇಲ್ಲವೇ ಮಾತೇ ಬಿಡುತ್ತಾನೆ. ಭಾವ ಮಾತು ಬಿಟ್ಟವರು. ಪ್ರಾಕ್ಟೀಸಿನಲ್ಲಿ ಅವರು ಕೈಸನ್ನೆಯಲ್ಲಿ, ಅರ್ಧರ್ಧ ಮಾತಿನಲ್ಲಿ ಹೇಳಿಕೊಟ್ಟದ್ದನ್ನು ಹುಡುಗರು ಅಷ್ಟಿಷ್ಟು ಕಲಿತಿದ್ದರು. ಹುಡುಗರೂ ಏನು ಘನಂದಾರಿಗಳಲ್ಲ ಬಿಡಿ. ಕ್ಯಾಪ್ಟನ್ ಅನ್ನಿಸಿಕೊಂಡ 'ಏಣಿ'ಗೆ ಉದ್ದ ಒಂದಿತ್ತೇ ಹೊರತು, ಚೆಂಡು ಬಂದರೆ ಎರಡೂ ಕಾಲು ಜಗಳಕ್ಕೆ ಬೀಳುತ್ತಿದ್ದವು. ಆದರೆ ಕಲಿತ ಆ ಅಷ್ಟಿಷ್ಟೂ ಮ್ಯಾಚಿನ ದಿನ ಉಳಿಯುತ್ತಿರಲಿಲ್ಲ. ಅದಕ್ಕೆ ಕಾರಣ ಕ್ಲಬ್ಬಿನ ಒಂದು ಪದ್ಧತಿ.

ಬ್ಯಾಸ್ಕೆಟ್‌ಬಾಲಿನಲ್ಲಿ ಟೈಮ್‌ಔಟ್ ಎಂದು ಒಂದಿದೆ. ಆಟ ಕೈಬಿಟ್ಟುಹೋಗುತ್ತಿದೆ ಅನ್ನಿಸಿದಾಗ ಕೋಚ್ ಆಟ ನಿಲ್ಲಿಸಿ, ಹುಡುಗರನ್ನು ಬೆಂಚಿನ ಹತ್ತಿರ ಕರೆದು, ಒಂದು ನಿಮಿಷ ಬುದ್ಧಿ ಹೇಳಬಹುದು. ಬೇರೆಲ್ಲ ಕಡೆ ಆ ನಿಮಿಷ ಕೋಚ್ ಅವರದು. ಪೇಟೆ ಕ್ಲಬ್ಬಿನಲ್ಲಿ ಮಾತ್ರ ಅದು ಹಿರಿತನದ ಪ್ರಕಾರ ಹಂಚಿಕೆಯಾಗುತ್ತಿತ್ತು. ಮೊದಲು ಅಧ್ಯಕ್ಷರು, ಆಮೇಲೆ ಉಪಾಧ್ಯಕ್ಷರು, ಆಮೇಲೆ ಖಜಾಂಚಿ, ಆಮೇಲೆ ಕಾರ್ಯದರ್ಶಿ, ಸಮಯ ಉಳಿದರೆ ಕೋಚ್. ಕಮಿಟಿಯವರು ಬೆಂಚಿನ ಹತ್ತಿರ ಸುಳಿಯಬಾರದು ಎಂದು ಲೀಗಿನ ನಿಯಮವೇನೋ ಇತ್ತು. ಆದರೆ ರೆಫ್ರಿಯ ಹಿಂದಿನ ದವಡೆಯ ಹಲ್ಲೊಂದು ಅಧ್ಯಕ್ಷರ ಕೈಯಲ್ಲಿ ಅರ್ಧ ರಿಪೇರಿಗೆ ನಿಂತಿತ್ತು. ಆದ್ದರಿಂದ ರೆಫ್ರಿ ಆ ಹೊತ್ತಿಗೆ ಸರಿಯಾಗಿ ಚಾವಣಿ ನೋಡುತ್ತಿದ್ದರು.

"ನುಗ್ಗಿ! ಎಲ್ಲರೂ ಮುಂದೆ ನುಗ್ಗಿ! ಬೇರುಸಮೇತ ಕಿತ್ತುಹಾಕಿ!" ಎಂದು ಅಧ್ಯಕ್ಷರು.

"ನುಗ್ಗೋದಲ್ಲ. ಹಿಂದೆ ನಿಂತು ಕೋನ ನೋಡಿ ಎಸೀರಿ," ಎಂದು ಮೇಷ್ಟ್ರು.

"ಮುಖ ಯಾಕ್ರೋ ಹೀಗೆ ಬಣ್ಣ ಬಿಟ್ಕೊಂಡಿದೆ? ಸ್ವಲ್ಪ ಕಳೆಕಳೆಯಾಗಿ ಆಡ್ರಪ್ಪ," ಎಂದು ಖಜಾಂಚಿ.

ಕೊನೆಗೆ ಪುಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದ. "ಹಿರಿಯರು ಎಲ್ಲಾ ಹೇಳಿದಾರೆ. ನಾನು ಹೊಸದಾಗಿ ಹೇಳೋದು ಏನೂ ಇಲ್ಲ. ಅವರು ಹೇಳಿದ್ದನ್ನೇ ಮನಸ್ಸಲ್ಲಿ ಇಟ್ಕೊಂಡು ಆಡಿ ಅಂತಷ್ಟೇ ನಾನು ಹೇಳೋದು." ಹೇಳುವುದು ಏನೂ ಇಲ್ಲ ಎಂಬುದನ್ನು ಅವನು ಹೇಳಿ ಮುಗಿಸುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ. ಇಲ್ಲಿ ಎಳೆಯುವವರು ನಾಲ್ವರು, ಬಂಡಿಯಲ್ಲಿ ಕೂತವರು ಹುಡುಗರು. ಭಾವ ತೆರೆದ ಬಾಯನ್ನು ಹಾಗೇ ಮುಚ್ಚಿ, ಬಾಟಲಿ ಮುಂದೆ ಹಿಡಿಯುತ್ತಿದ್ದರು. ಎರಡು ವರ್ಷದಲ್ಲಿ ಮ್ಯಾಚಿನ ನಡುವೆ ಅವರು ತಂಡಕ್ಕೆ ಹೇಳಿದ ಮಾತು ಒಂದೇ: "ನೀರು ಕುಡೀರಿ." ಅದನ್ನು ಮಾತ್ರ ಹುಡುಗರು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಸಭೆ ನಡೆದದ್ದು ಗ್ಯಾಲರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಚಾವಣಿ ಓರೆಯಾಗಿ ಇಳಿದು, ಒಂದು ಕಡೆ ನೆಟ್ಟಗೆ ನಿಂತವರು ಇನ್ನೊಂದು ಕಡೆ ಬಂದರೆ ತಲೆ ತಗ್ಗಿಸಲೇಬೇಕಾದ ಕೋಣೆ. ಗಾಳಿ ಹೋದ ಚೆಂಡುಗಳು, ಯಾವ ಕಾಲದ್ದೋ ಕಪ್ಪುಗಟ್ಟಿದ ಎರಡು ಕಪ್ಪುಗಳು, ಅಂಗಡಿಯಲ್ಲಿ ಜಾಗ ಸಾಲದೆ ಖಜಾಂಚಿ ತಂದಿಟ್ಟ ಬಣ್ಣದ ಡಬ್ಬಗಳು.

"ತೆಗೀಲೇಬೇಕು," ಅಂದರು ಅಧ್ಯಕ್ಷರು. "ಕೊಳೆತ ಹಲ್ಲು ಇಟ್ಕೊಂಡ್ರೆ ಪಕ್ಕದ್ದೂ ಕೊಳೆಯುತ್ತೆ."

"ಮ್ಯಾಚಲ್ಲಿ ಒಂದು ಮಾತಾಡಲ್ಲ ಆ ಮನುಷ್ಯ," ಅಂದರು ಖಜಾಂಚಿ. "ಎರಡು ವರ್ಷದಿಂದ ಪಕ್ಕದಲ್ಲೇ ನಿಂತು ನೋಡ್ತಿದೀನಿ, ಬಾಯೇ ಬಿಡಲ್ಲ. ಅಂಥೋರು ಎಂಥ ಕೋಚು?"

ಮೇಷ್ಟ್ರು ತಲೆಯಾಡಿಸಿದರು. "ಹಿಂದಿನ ಕೋಚನ್ನ ತೆಗೆದ್ವಿ, ಸೋತ್ವಿ. ಅವರ ಹಿಂದಿನೋರನ್ನ ತೆಗೆದ್ವಿ, ಆಗ್ಲೂ ಸೋತ್ವಿ. ಕೋಚ್ ಬದಲಾದ್ರೂ ಉತ್ತರ ಬದಲಾಗ್ತಿಲ್ಲ ಅಂದ್ರೆ ತಪ್ಪು ಬೇರೆ ಎಲ್ಲೋ ಇದೆ. ನಾನಂತೂ ಕೈ ಎತ್ತಲ್ಲ." ಎಲ್ಲಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಜೀವಮಾನವಿಡೀ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವರು, ಪೆನ್ನು ತಮ್ಮ ಕಡೆ ತಿರುಗಿಸಿ ಅಭ್ಯಾಸವಿರಲಿಲ್ಲ.

ಯಾರನ್ನೇ ತೆಗೆಯಬೇಕಾದರೂ ಮೂರು ಕೈ ಏಳಬೇಕು. ಎರಡು ಎದ್ದಿದ್ದವು. ಎಲ್ಲರ ಕಣ್ಣು ಪುಟ್ಟುವಿನ ಕಡೆ ತಿರುಗಿದವು.

"ಅವರನ್ನ ಕರೆದು ಒಂದು ಮಾತು ಕೇಳೋದು ಬೇಡ್ವಾ ಸಾರ್?" ಅಂದ ಪುಟ್ಟು, ತಲೆ ತಗ್ಗಿಸಿ. ಚಾವಣಿ ಆ ಕಡೆ ತಗ್ಗಾಗಿತ್ತು. "ನಿಯಮದಲ್ಲಿ ಹಾಗಿದೆ."

ಕ್ಲಬ್ಬಿನ ನಿಯಮಗಳನ್ನು ಓದಿದ್ದವನು ಪುಟ್ಟು ಒಬ್ಬನೇ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅಂಗಡಿಯ ದೊಡ್ಡ ಹಾಸಿಗೆಯ ಮೇಲೆ ಒರಗಿ ಓದಿದ್ದ. ಮಿಕ್ಕವರು ಓದಿರಲಿಲ್ಲವಾದ್ದರಿಂದ ಇಲ್ಲವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಗುರುವಾರ ಕೋಚನ್ನು ಕರೆಸುವುದೆಂದಾಯಿತು.

ಸುದ್ದಿಗೆ ಕಾಲಿರುತ್ತದೆ. ಮಾರನೆಯ ದಿನ ಪುಟ್ಟು ಡ್ರೈವಿಂಗ್ ಸ್ಕೂಲಿಗೆ ಹೋಗುವ ಮೊದಲೇ ಅದು ಅಲ್ಲಿಗೆ ತಲುಪಿತ್ತು. ಸ್ಕೂಲೆಂದರೆ ಅಕ್ಕನ ಮನೆಯ ಮುಂದಿನ ಕೋಣೆ. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಪಟ, ಅದರ ಕೆಳಗೆ ಮೇಜು, ಮೇಜಿನ ಹಿಂದೆ ಅಕ್ಕ. ಫೋನು ಎತ್ತುವವಳೂ ಅವಳೇ, ಕಲಿಯಲು ಬಂದವರನ್ನು ಗದರಿಸುವವಳೂ ಅವಳೇ.

"ಬನ್ನಿ ಕಾರ್ಯದರ್ಶಿಗಳೇ, ಕೂತ್ಕೊಳ್ಳಿ," ಅಂದಳು.

ಪುಟ್ಟು ಹೊಸಿಲಲ್ಲೇ ನಿಂತ. ಅಕ್ಕ ಬೈದರೆ ಅವನಿಗೆ ಹೆದರಿಕೆಯಿಲ್ಲ, ಬೈದು ಮುಗಿಸಿ ತಿನ್ನಲು ಕೊಡುತ್ತಾಳೆ. ಮರ್ಯಾದೆ ಕೊಡಲು ಶುರುಮಾಡಿದರೆ ಮಾತ್ರ ಉಳಿಗಾಲವಿಲ್ಲ.

"ಅಕ್ಕಾ, ನಾನೇನೂ ಇನ್ನೂ..."

"ನಾನೇನಾದ್ರೂ ಅಂದ್ನಾ? ದೊಡ್ಡೋರು ನೀವು. ಕೈ ಎತ್ತೋ ಅಧಿಕಾರ ಇರೋರು. ಅಪ್ಪ ಅಮ್ಮ ಹೋದ ಮೇಲೆ ನಿಮ್ಮನ್ನ ಈ ಮನೆಗೆ ಕರ್ಕೊಂಡ್ ಬಂದಾಗ ಇವರು ಒಂದೇ ಒಂದು ಮಾತು ಎದುರಾಡ್ಲಿಲ್ಲ. 'ಹುಡುಗನಿಗೆ ಈ ಮಂಚ ಸಾಲಲ್ಲ, ಉದ್ದದ್ದು ಮಾಡಿಸೋಣ' ಅಂದ್ರು, ಅಷ್ಟೇ. ಅದೆಲ್ಲಾ ನಿಮಗ್ಯಾಕೆ ನೆನಪಿರುತ್ತೆ? ಬೋರ್ಡಲ್ಲಿ ಹೆಸರಿರೋರು."

"ಭಾವ ಏನಂತಾರೆ?"

"ಅವರು ಯಾವತ್ತು ಏನಂದಿದಾರೆ, ಇವತ್ತು ಅನ್ನೋಕೆ?" ಅಕ್ಕನ ದನಿ ಒಂದು ಮೆಟ್ಟಿಲು ಇಳಿಯಿತು. "ನಿನ್ನೆ ಊಟ ಬಿಟ್ರು. ಕತ್ತಲ್ಲಿರೋ ಸೀಟಿ ತೆಗೆದು ಒರೆಸಿ, ದಾರ ಸುತ್ತಿ, ಡ್ರಾಯರ್‌ನಲ್ಲಿ ಇಟ್ಟುಬಿಟ್ರು. ಆ ಮನುಷ್ಯಂಗೆ ಈ ಆಟ ಒಂದೇ ಕಣ್ರೀ ಆಸೆ ಇದ್ದಿದ್ದು. ಮಿಕ್ಕಿದ್ದೆಲ್ಲಾ ಬರೀ ಕ್ಲಚ್ಚು, ಗೇರು."

ಪುಟ್ಟು ಗೋಡೆಯ ಪಟದಲ್ಲಿದ್ದ 'ಮುಂದೆ ದಾರಿಯಿಲ್ಲ' ಚಿಹ್ನೆಯನ್ನೇ ನೋಡುತ್ತ ಕೂತ.

"ಕೈ ಎತ್ತೋದಾದ್ರೆ ಎತ್ತಿ," ಅಂದಳು ಅಕ್ಕ. "ಆಮೇಲೆ ಭಾನುವಾರದ ಊಟಕ್ಕೆ ಬರೋ ತೊಂದರೆ ತಗೋಬೇಡಿ. ನಿಮ್ಮ ತಟ್ಟೆ ತೊಳೆದು ಮೇಲಿಡ್ತೀನಿ."

ಹೊರಗೆ ಬರುವಾಗ ಭಾವನ ಗಾಡಿ ಕುಪ್ಪಳಿಸುತ್ತ ಕುಪ್ಪಳಿಸುತ್ತ ಬಂದು ಗೇಟಿನ ಮುಂದೆ ಆಫ್ ಆಯಿತು. ಸ್ಟೀರಿಂಗ್ ಹಿಡಿದಿದ್ದವರು ಯಾರೋ ಹೆಂಗಸು, ಬೆವರಿ ನೀರಾಗಿದ್ದರು. ಭಾವ ಪಕ್ಕದಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತವರ ಹಾಗೆ ಕೂತಿದ್ದರು. ಪುಟ್ಟುವಿಗೂ ಡ್ರೈವಿಂಗ್ ಕಲಿಸಿದವರು ಅವರೇ. ಕಲಿಯುವಾಗ ಒಮ್ಮೆ ನಾಲ್ಕು ರಸ್ತೆ ಕೂಡುವಲ್ಲಿ, ನಟ್ಟನಡುವೆ, ಗಾಡಿ ನಿಂತುಬಿಟ್ಟಿತ್ತು. ಹಿಂದೆ ಬಸ್ಸು, ಲಾರಿ, ಊರಿಗೂರೇ ಹಾರ್ನ್ ಮೇಲೆ ಬಿದ್ದಿತ್ತು. ಒಬ್ಬ ಇಳಿದು ಬಂದು ಕಿಟಕಿ ಕುಟ್ಟಿ ಬೈದ. ಪುಟ್ಟುವಿಗೆ ಕೀ ಯಾವ ಕಡೆ ತಿರುಗುತ್ತದೆ ಎಂಬುದೂ ಮರೆತುಹೋಗಿತ್ತು. ಭಾವ ನಿಧಾನವಾಗಿ ಕಿಟಕಿಯ ಗಾಜು ಏರಿಸಿ, "ಅವರು ಹಾರ್ನ್ ಹೊಡೀಲಿ ಪುಟ್ಟು, ಅದು ಅವರ ಕೆಲಸ. ನೀನು ನಿನ್ನ ಟೈಮ್ ತಗೋ" ಅಂದಿದ್ದರು. ಅಷ್ಟು ಉದ್ದದ ಮಾತನ್ನು ಅವರು ಆಮೇಲೆ ಆಡಿದ್ದು ಪುಟ್ಟುವಿಗೆ ನೆನಪಿಲ್ಲ.

ಗುರುವಾರ ಕೋಚ್ ಅವರ ಮಾತು ಕೇಳಲು ಕಮಿಟಿ ಸೇರಿತು. ಕೇಳುವ ಮೊದಲು ಪದ್ಧತಿಯಂತೆ ಎಲ್ಲರೂ ಮಾತಾಡಿದರು. ಅಧ್ಯಕ್ಷರು ಶಿಸ್ತಿನ ಬಗ್ಗೆ, ಮೇಷ್ಟ್ರು ಸರಾಸರಿಯ ಬಗ್ಗೆ, ಖಜಾಂಚಿ ಜೆರ್ಸಿಯ ಬಣ್ಣದ ಬಗ್ಗೆ. ಚಹಾ ಬಂತು, ಆರಿತು, ಆರಿದೆ ಎಂಬ ಆಕ್ಷೇಪವೂ ಬಂತು. ಭಾವ ತಗ್ಗಾದ ಕಡೆಯೇ ಬಾಗಿ ನಿಂತಿದ್ದರು, ಕೂರಲು ಯಾರೂ ಹೇಳಿರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ ಏಳಲು ಹೊರಟಾಗ ಪುಟ್ಟು, "ಸಾರ್, ಅವರು..." ಅಂದ.

"ಓ ಹೌದಲ್ವಾ. ಹೇಳಿ ಹೇಳಿ. ಬೇಗ."

"ಶನಿವಾರದ ಮ್ಯಾಚಲ್ಲಿ ಒಂದು ಟೈಮ್‌ಔಟ್ ಪೂರ್ತಿ ನನಗೆ ಬಿಟ್ಕೊಡಿ," ಅಂದರು ಭಾವ. "ಆಮೇಲೆ ನೀವು ಹೇಗೆ ಹೇಳ್ತೀರೋ ಹಾಗೆ."

ಕೋಣೆಯಲ್ಲಿ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮನೆಯ ಯಜಮಾನ ಬಾಡಿಗೆದಾರನ ಹತ್ತಿರ ಬಂದು ಒಳಗೆ ಬರಲೇ ಎಂದು ಕೇಳಿದ ಹಾಗಿತ್ತು. ಅಧ್ಯಕ್ಷರು ಉದಾರವಾಗಿ ನಕ್ಕರು. "ಅಯ್ಯೋ, ಇಷ್ಟೇನಾ? ತಗೊಳ್ಳಿ. ನಾವೇನು ನಿಮ್ಮ ಬಾಯಿ ಹಿಡ್ಕೊಂಡಿದೀವಾ?" ಮಿಕ್ಕವರೂ ನಕ್ಕರು. ಮ್ಯಾಚು ಮುಗಿದ ತಕ್ಷಣ ಇದೇ ಕೋಣೆಯಲ್ಲಿ ಕೈ ಎಣಿಸುವುದೆಂದು ನಿಶ್ಚಯವಾಯಿತು. ಗೇಟಿನ ಹತ್ತಿರ ಅಧ್ಯಕ್ಷರು ಪುಟ್ಟುವಿನ ಹೆಗಲ ಮೇಲೆ ಕೈಯಿಟ್ಟು, ಬೋರ್ಡಿನ ಕಡೆ ನೋಡುತ್ತ, "ಬೋರ್ಡು ಹಳೇದಾಯ್ತು. ಹೊಸದಾಗಿ ಬರೆಸೋಣ ಅಂತಿದೀನಿ. ನಾಲ್ಕನೇ ಸಾಲು ಹಾಗೇ ಇರ್ಲಿ ಅಂತ ನನ್ನಾಸೆ. ಶನಿವಾರ ನೋಡೋಣ" ಅಂದರು. ಹಲ್ಲು ಕೀಳುವ ಮುಂಚೆ "ಏನೂ ನೋಯಲ್ಲ" ಅನ್ನುವ ದನಿಯೇ ಅದು.

ಅತ್ತ ದರಿ, ಇತ್ತ ಪುಲಿ. ಶನಿವಾರದವರೆಗೆ ಪುಟ್ಟು ಅಂಗಡಿಯ ಯಾವ ಹಾಸಿಗೆಯ ಮೇಲೆ ಹೊರಳಿದರೂ ನಿದ್ದೆ ಬರಲಿಲ್ಲ. ಹಾಸಿಗೆಗಳ ಮೇಲೇ ಅವನಿಗೆ ಅನುಮಾನ ಶುರುವಾಯಿತು.

ಶನಿವಾರ ಎದುರಿಗಿದ್ದವರು ಅಗ್ನಿಶಾಮಕ ದಳದವರು. ಮೆಟ್ಟಿಲು ಹತ್ತಿ ಇಳಿದು ಪಳಗಿದ ಕಾಲುಗಳು. ಪೇಟೆ ಹುಡುಗರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರು ಹೋಗಿ ಬುಟ್ಟಿಗೆ ಹಾಕಿ ವಾಪಸು ಬರುತ್ತಿದ್ದರು. ಮೊದಲ ಟೈಮ್‌ಔಟು ಬಂದಾಗ ಕಮಿಟಿಗೆ ಗುರುವಾರದ ಮಾತು ನೆನಪಿರಲಿಲ್ಲ. ಎರಡನೆಯದರಲ್ಲಿ ನೆನಪಿತ್ತು. ಆದರೆ ಒಂದು ಬಿಟ್ಟುಕೊಡುತ್ತೇವೆ ಅಂದದ್ದೇ ಹೊರತು ಇದನ್ನೇ ಅಂದಿರಲಿಲ್ಲವಲ್ಲ ಎಂದು ಅಧ್ಯಕ್ಷರು ಸಮಾಧಾನ ಹೇಳಿ ಶುರುಮಾಡಿದರು. ಮೇಷ್ಟ್ರು ಮುಗಿಸಿದರು, ಖಜಾಂಚಿ ಮುಗಿಸಿದರು. ಪುಟ್ಟುವಿನ ಬಾಯಿ ತನ್ನಷ್ಟಕ್ಕೆ "ಹಿರಿಯರು ಎಲ್ಲಾ ಹೇಳಿದಾರೆ" ಎಂದು ಹೊರಟುಬಿಟ್ಟಿತ್ತು. ಆಗ ಭಾವನ ಬಾಯಿ ತೆರೆದು ಮುಚ್ಚಿದ್ದು ಅವನಿಗೆ ಕಂಡಿತು. ಅದನ್ನು ಮುಚ್ಚಿಸಿದ ಕೊನೆಯ ದನಿ ತನ್ನದೇ ಎಂಬುದೂ ಕಂಡಿತು. ಎರಡು ವರ್ಷದಿಂದ ಕೊನೆಯ ಹಾರ್ನ್ ಹೊಡೆಯುತ್ತಿದ್ದವನು ತಾನೇ. ಅವನಿಗೆ ನಾಚಿಕೆಯಾಯಿತು. ಮೈಯಿದ್ದಷ್ಟೂ ಅಗಲಕ್ಕೆ ನಾಚಿಕೆಯಾಯಿತು.

ಕೊನೆಯ ಟೈಮ್‌ಔಟು. ತಂಡ ಆಗಲೇ ಎದ್ದೇಳಲಾಗದಷ್ಟು ಹಿಂದೆ ಬಿದ್ದಿತ್ತು. ಭಾವ ಕೈ ಎತ್ತಿ ಕೇಳಿದರು, ಸೀಟಿ ಬಿತ್ತು, ಹುಡುಗರು ಏದುಸಿರು ಬಿಡುತ್ತ ಬೆಂಚಿನ ಸುತ್ತ ಬಂದರು. ಗ್ಯಾಲರಿಯ ಮೊದಲ ಸಾಲಿನಿಂದ ಕಮಿಟಿ ಎದ್ದಿತು.

"ಸಾರ್, ಇದು ಅವರಿಗೆ ಬಿಟ್ಟಿದ್ದು," ಅಂದ ಪುಟ್ಟು.

"ಗೊತ್ತು ಗೊತ್ತು. ಒಂದೇ ಒಂದು ಮಾತು," ಎಂದು ಅಧ್ಯಕ್ಷರು ಇಳಿದರು.

"ನನ್ನದೂ ಒಂದೇ, ಕೋನ ಸಿಕ್ಕಿದೆ," ಎಂದು ಮೇಷ್ಟ್ರು.

"ನಾನು ಹೇಳೋದು ಏನೂ ಇಲ್ಲ, ಸುಮ್ನೆ ಜೊತೆಗೆ," ಎಂದು ಖಜಾಂಚಿ.

ಪುಟ್ಟು ಅವರ ಮುಂದೆ ಹೋಗಿ ನಿಂತ. ಏಕೆ ನಿಂತೆನೆಂದು ಅವನಿಗೇ ಗೊತ್ತಿರಲಿಲ್ಲ, ಕಾಲಿಗೆ ಗೊತ್ತಿತ್ತು. ಎರಡೂ ಕೈ ಅಗಲವಾಗಿ ಚಾಚಿ, ಮಂಡಿ ಬಗ್ಗಿಸಿ, ಹಿಂಭಾಗ ಇಳಿಸಿ ನಿಂತ. ಅಧ್ಯಕ್ಷರು ಎಡಕ್ಕೆ ಸರಿದರೆ ಅವನೂ ಎಡಕ್ಕೆ ಸರಿದ. ಅಧ್ಯಕ್ಷರು ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ನುಗ್ಗಿದರು, ಅಲ್ಲಿಯೂ ಪುಟ್ಟುವೇ ಇದ್ದ. ಕಿರಿದಾದ ಮೆಟ್ಟಿಲುಗಳಲ್ಲಿ ಇಬ್ಬರು ಮಲಗುವ ಹಾಸಿಗೆಗಳನ್ನು ಗೋಡೆಗೆ ತಾಗದಂತೆ ಇಳಿಸಿ ಇಳಿಸಿ ಪಳಗಿದ ಕಾಲು ಅದು. ಮೇಷ್ಟ್ರು ಕಂಕುಳ ಕೆಳಗಿನ ಕೋನ ಲೆಕ್ಕಹಾಕಿ ತೂರಲು ನೋಡಿದರು, ಕೋನ ಮುಚ್ಚಿಹೋಯಿತು. ಖಜಾಂಚಿ ಸುತ್ತುಹಾಕಿ ಬರುವಷ್ಟರಲ್ಲಿ ಆ ಬೃಹತ್ ದೇಹ ಪಕ್ಕಕ್ಕೆ ಜಾರಿ ಅಲ್ಲಿಯೂ ಗೋಡೆಯಾಯಿತು. ಯಾರ ಮೈಯನ್ನೂ ಅವನು ಮುಟ್ಟಲಿಲ್ಲ. ಯಾರನ್ನೂ ಬಿಡಲೂ ಇಲ್ಲ.

"ಏನ್ರೀ ಇದು! ಸರೀರಿ! ಅಧ್ಯಕ್ಷ ನಾನು!" ಅಧ್ಯಕ್ಷರ ದನಿ ಕೀರಲಾಯಿತು. ಗ್ಯಾಲರಿಯಲ್ಲಿ ಯಾರೋ ಶಿಳ್ಳೆ ಹೊಡೆದರು. ಚಾವಣಿ ನೋಡುತ್ತಿದ್ದ ರೆಫ್ರಿ ಕುತ್ತಿಗೆ ಇಳಿಸಿದರು.

ಬೆಂಚಿನ ಹತ್ತಿರ ಭಾವನಿಗೆ ಪೂರ್ತಿ ಒಂದು ನಿಮಿಷ ಸಿಕ್ಕಿತ್ತು. ಎರಡು ವರ್ಷದಿಂದ ಕೂಡಿಟ್ಟ ಮಾತು ಎಷ್ಟೋ ಇದ್ದಿರಬೇಕು. ಅವರು ಬಾಯಿ ತೆರೆದರು, ಬಾಮೈದನ ಕಡೆ ನೋಡಿದರು, ಬೇರೆಲ್ಲವನ್ನೂ ಬಿಟ್ಟುಬಿಟ್ಟರು.

"ಅಲ್ಲಿ ನೋಡಿ," ಅಂದರು. ಹುಡುಗರು ತಿರುಗಿ ನೋಡಿದರು. "ಕೈ ಅಗಲ ಇದೆ. ಮಂಡಿ ಬಗ್ಗಿದೆ. ಯಾರನ್ನೂ ಮುಟ್ತಿಲ್ಲ, ಯಾರನ್ನೂ ಬಿಡ್ತಿಲ್ಲ. ನಾನು ಹೇಳ್ಬೇಕು ಅಂತಿದ್ದಿದ್ದು ಇದನ್ನೇ. ಹೋಗಿ ಹಾಗೆ ಆಡಿ."

ನಿಮಿಷದಲ್ಲಿ ಇನ್ನೂ ಸಮಯ ಉಳಿದಿತ್ತು. ಆ ಕ್ಲಬ್ಬಿನ ಚರಿತ್ರೆಯಲ್ಲಿ ಹಾಗೆ ಉಳಿದದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಭಾವ, "ನೀರು ಕುಡೀರಿ" ಅಂದರು.

ಅನಂತರ ಆದದ್ದನ್ನು ಪವಾಡ ಎನ್ನುವಂತಿಲ್ಲ. ಪವಾಡವಾಗಿದ್ದರೆ ಗೆಲ್ಲುತ್ತಿದ್ದರು. ಆದರೆ ಐವರು ಹುಡುಗರು ಐವರು ಹಾಸಿಗೆ ಅಂಗಡಿಯವರ ಹಾಗೆ ಕೈಚಾಚಿ, ಕುಕ್ಕರಿಸಿ, ಪಕ್ಕಕ್ಕೆ ಜಾರುತ್ತ ನಿಂತರು. ಏಣಿಯ ಎರಡು ಕಾಲುಗಳು ಅಂದು ಮೊದಲ ಸಲ ರಾಜಿಯಾದವು. ಅಗ್ನಿಶಾಮಕದವರಿಗೆ ಒಳಗೆ ಹೋಗಲು ದಾರಿ ಸಿಗದೆ, ದೂರದಿಂದ ಎಸೆದೆಸೆದು ಕೈಸೋತಿತು. ಅಂತರ ಕರಗುತ್ತ ಕರಗುತ್ತ ಬಂದು, ಕೊನೆಯ ಸೀಟಿಯ ಹೊತ್ತಿಗೆ ಒಂದೇ ಒಂದು ಬುಟ್ಟಿಯಷ್ಟು ಉಳಿಯಿತು. ಸೋತರು. ಆ ತಂಡ ಅಷ್ಟು ಚೆನ್ನಾಗಿ ಎಂದೂ ಸೋತಿರಲಿಲ್ಲ. ಗ್ಯಾಲರಿಯ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಹುಡುಗರು ಯಾರಿಗೋ ಇರಬೇಕೆಂದು ಹಿಂದೆ ತಿರುಗಿ ನೋಡಿದರು.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಚಪ್ಪಾಳೆ ಕೇಳಿಸುತ್ತಿರಲಿಲ್ಲ.

"ಕೋಚ್ ವಿಷಯ ಆಮೇಲೆ," ಅಂದರು ಅಧ್ಯಕ್ಷರು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ. "ಮೊದಲು ಇವರದ್ದು. ಜನರ ಮುಂದೆ, ಹುಡುಗರ ಮುಂದೆ, ಒಬ್ಬ ಅಧ್ಯಕ್ಷನಿಗೆ ಅಡ್ಡಗಾಲು!"

"ತಂಡ ಸೋತಿದ್ದೇ ಅದರಿಂದ," ಅಂದರು ಖಜಾಂಚಿ. "ನಾವು ಹೇಳ್ಬೇಕಾದ್ದು ಹೇಳೋಕೆ ಬಿಟ್ಟಿದ್ರೆ ಇವತ್ತು ಗೆಲ್ತಿದ್ವಿ."

ಮೇಷ್ಟ್ರಾದರೂ ಕೈ ಹಿಡಿಯುತ್ತಾರೆಂದು ಪುಟ್ಟು ನೋಡಿದ. ಅವರ ಮುಖವೂ ಬಿಗಿದಿತ್ತು. ಜೀವಮಾನದಲ್ಲಿ ಸರಿಯಾದ ಕೋನ ಸಿಕ್ಕಿದ್ದು ಅದೇ ದಿನ, ಅದನ್ನೇ ಹೇಳಲು ಬಿಟ್ಟಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಕಮಿಟಿಯ ಹಳೆಯ ವೈದ್ಯ. ಈ ಸಲ ಎಮ್ಮೆ ಕೋಣೆಯ ಒಳಗೇ ಸಿಕ್ಕಿತ್ತು, ಅಷ್ಟೇ ವ್ಯತ್ಯಾಸ. ಕಾರ್ಯದರ್ಶಿಯನ್ನು ಹುದ್ದೆಯಿಂದ ತೆಗೆಯಲು ಮೂರು ಕೈ ಎದ್ದವು. ಅವುಗಳ ಹಿಂದೆಯೇ ನಾಲ್ಕನೆಯ ಕೈಯೊಂದು ಎದ್ದು ಓರೆ ಚಾವಣಿಗೆ ತಾಗಿತು.

"ನೀವ್ಯಾಕ್ರೀ ಎತ್ತಿದ್ದು?" ಅಂದರು ಅಧ್ಯಕ್ಷರು.

"ಸರ್ವಾನುಮತ ಆಗ್ಲಿ ಅಂತ ಸಾರ್."

"ಸರಿ. ಈಗ ಕೋಚ್ ವಿಷಯ. ಯಾರ್ಯಾರು..."

"ಆಗಲ್ಲ ಸಾರ್," ಅಂದ ಪುಟ್ಟು, ಗೇಟಿನ ಬೀಗದ ಕೈ ಮೇಜಿನ ಮೇಲಿಡುತ್ತ. "ಸಭೆ ಕರೆಯೋದು, ವಿಷಯ ಮತಕ್ಕೆ ಹಾಕೋದು ಕಾರ್ಯದರ್ಶಿ. ಈಗ ಕಾರ್ಯದರ್ಶಿ ಇಲ್ಲ. ನಿಯಮ ಹಾಗಿದೆ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ಆಗ್ಬಿಡಿ, ಒಂದು ನಿಮಿಷದ ಕೆಲಸ. ಜೆರ್ಸಿ ಮೂಟೆ ಅಲ್ಲಿದೆ, ಸೋಮವಾರಕ್ಕೆ ಒಗೆದು ಒಣಗಿಸಿದ್ರೆ ಸಾಕು."

ಮೂವರೂ ಮೂಲೆಯ ಕಡೆ ನೋಡಿದರು. ಒದ್ದೆ ಮೂಟೆ ಅಲ್ಲಿ ಕೂತಿತ್ತು. ಅದರ ವಾಸನೆಗೆ ಹಿರಿತನ ಕಿರಿತನ ಎಂಬ ಭೇದವಿರಲಿಲ್ಲ. ಅಧ್ಯಕ್ಷರು ಮೇಷ್ಟ್ರ ಕಡೆ ನೋಡಿದರು, ಮೇಷ್ಟ್ರು ಖಜಾಂಚಿಯ ಕಡೆ, ಖಜಾಂಚಿ ತಮ್ಮ ಬಣ್ಣದ ಡಬ್ಬಗಳ ಕಡೆ. ಬೆಕ್ಕಿಗೆ ಗಂಟೆ ಕಟ್ಟಲು ಇಲಿಗಳಾದರೂ ಇಷ್ಟು ಹೊತ್ತು ಯೋಚಿಸಿರಲಾರವು. ಕೋಚನ್ನು ತೆಗೆಯುವ ವಿಷಯ ಅಂದು ಮುಂದಕ್ಕೆ ಹೋಯಿತು. ಇನ್ನೂ ಹೋಗುತ್ತಲೇ ಇದೆ. ಒಂದೇ ಒಂದು ಕೆಲಸ ಮಾತ್ರ ತಡವಾಗಲಿಲ್ಲ. ಪುಟ್ಟು ಗೇಟಿನ ಹತ್ತಿರ ಬರುವಷ್ಟರಲ್ಲಿ ಖಜಾಂಚಿ ಡಬ್ಬ ಬ್ರಷ್ಷು ಹಿಡಿದು ಹಿಂದೆಯೇ ಬಂದಿದ್ದರು. ನಾಲ್ಕನೆಯ ಸಾಲಿನ ಮೇಲೆ ಎರಡು ಕೋಟು ಬಿತ್ತು.

ಭಾನುವಾರ ಮಧ್ಯಾಹ್ನ ಪುಟ್ಟು ಅಕ್ಕನ ಮನೆಯ ಮೆಟ್ಟಿಲ ಮೇಲೆ ನಿಂತಿದ್ದ. ತೆರೆದ ಬಾಗಿಲಲ್ಲಿ ಕಾಲಿಡುವುದೋ ಬೇಡವೋ ಎಂದು ಯೋಚಿಸುತ್ತಿದ್ದ. ಒಳಗೆ ಬೆಳಕು ಕಡಿಮೆಯಾದದ್ದರಿಂದ ಅಕ್ಕನಿಗೆ ತಿಳಿಯಿತು. ಭಾವ ಮನೆಗೆ ಬಂದು ಏನು ಹೇಳಿದ್ದರೋ, ಹೇಳಿದ್ದರೋ ಇಲ್ಲವೋ, ಅವಳ ಮುಖ ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ.

"ಕೈ ಎತ್ತಿದ್ರಂತೆ," ಅಂದಳು.

"ಎತ್ತಿದೆ ಅಕ್ಕಾ."

"ಯಾರ ಮೇಲೆ?"

"ನನ್ನ ಮೇಲೇ."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಿರುಗಿ ಒಳಗೆ ಹೋದಳು. ಸ್ಟೂಲು ಎಳೆದ ಸದ್ದು, ಮೇಲಿನ ಶೆಲ್ಫಿನಿಂದ ತಟ್ಟೆ ಇಳಿಸಿದ ಸದ್ದು, ನಲ್ಲಿಯ ಸದ್ದು.

"ಸುಮ್ನೆ ಮೇಲಿಡಿಸಿದೆ, ಈಗ ಇನ್ನೊಂದ್ಸಲ ತೊಳೀಬೇಕು," ಎಂದು ಒಳಗಿನಿಂದ ಕೂಗಿದಳು. "ಅಲ್ಲೇ ಯಾಕೋ ನಿಂತಿದೀಯ ದಂಡಪಿಂಡ? ಬಾ, ಆರೋಗುತ್ತೆ."

ಮೇಜಿನ ಹತ್ತಿರ ಭಾವ ಆಗಲೇ ಕೂತಿದ್ದರು. ಸೀಟಿ ಡ್ರಾಯರಿನಿಂದ ಹೊರಬಂದು ಅವರ ಕತ್ತಿನಲ್ಲಿ ತೂಗುತ್ತಿತ್ತು. ಅಕ್ಕ ಬಡಿಸಿದಳು. ಪುಟ್ಟು ತುತ್ತು ಎತ್ತಿದ, ಬಾಯಿಗೆ ಹೋಗಲಿಲ್ಲ. ಬೋರ್ಡಿನ ಮೇಲೆ ಹೊಸ ಬಣ್ಣ ಬಳಿದ ಸಾಲು ಕಣ್ಣಿಗೆ ಕಟ್ಟಿತ್ತು. ಅಷ್ಟು ಸಣ್ಣ ವಿಷಯಕ್ಕೆ ಅಳು ಬರುತ್ತಿದೆಯಲ್ಲ ಎಂದು ಅವನಿಗೆ ಇನ್ನಷ್ಟು ಅಳು ಬಂತು. ಅಷ್ಟು ದೊಡ್ಡ ಮೈ ಅಳುವಾಗ ಕುರ್ಚಿಯೂ ಅಲುಗಾಡುತ್ತದೆ.

"ಏನಾಯ್ತೋ? ಖಾರ ಆಯ್ತಾ? ಯಾರೇನಂದ್ರು? ಆ ಹಲ್ಲು ಕೀಳೋನು ಏನಂದ ಹೇಳು, ನಾನು ನಾಳೇನೇ ಹೋಗಿ..." ಅಕ್ಕ ಶುರುಮಾಡಿದಳು.

ಭಾವ ಅವಳ ಕಡೆ ತಿರುಗಿ, ಒಂದು ಕೈಯ ಬೆರಳ ತುದಿಗೆ ಇನ್ನೊಂದು ಅಂಗೈ ಅಡ್ಡ ಇಟ್ಟರು. ಟೈಮ್‌ಔಟಿನ ಸನ್ನೆ. ಆ ಮನೆಯಲ್ಲಿ ಅಕ್ಕನ ಮಾತನ್ನು ಯಾರೂ ನಿಲ್ಲಿಸಿದ್ದಿಲ್ಲ. ಅವಳು ಬಾಯಿ ತೆರೆದವಳು ಹಾಗೆಯೇ ನಿಂತಳು, ಸೌಟು ಕೈಯಲ್ಲೇ ಉಳಿಯಿತು.

"ಅವರು ಹಾರ್ನ್ ಹೊಡೀಲಿ ಪುಟ್ಟು," ಅಂದರು ಭಾವ. "ನೀನು ನಿನ್ನ ಟೈಮ್ ತಗೋ."

ಹೊರಗೆ ರಸ್ತೆಯಲ್ಲಿ ಯಾರೋ ನಿಜವಾಗಿಯೇ ಹಾರ್ನ್ ಹೊಡೆಯುತ್ತಿದ್ದರು. ಪುಟ್ಟು ಅಳುವಷ್ಟು ಅತ್ತ. ಮುಗಿದ ಮೇಲೆ ಭಾವ ಲೋಟವನ್ನು ಅವನ ಕಡೆ ಸರಿಸಿ, "ನೀರು ಕುಡಿ" ಅಂದರು.

ಪುಟ್ಟು ಕುಡಿದ.